ಜೈಲಿನ ಗೇಟು ದಾಟುವ ಮೊದಲೇ ಒಂದು ವಿಳಾಸ ನಿಗದಿಯಾಗಲಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ವಿಚಾರಣಾಧೀನ ಬಂದಿಗಳ ಪರಿಶೀಲನಾ ಸಮಿತಿಗಳಿಗೆ, ಮೈಸೂರು ಮಹಾನಗರ ಪಾಲಿಕೆ ಆಯುಕ್ತರಿಗೆ, ಹಾಗೂ ಮನೆ ಬಾಡಿಗೆಗೆ ಕೊಡುವ ಎಲ್ಲ ಮಾಲೀಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಅಶೋಕ ರಸ್ತೆಯ ಕೇಂದ್ರ ಕಾರಾಗೃಹದಿಂದ ಜಾಮೀನಿನ ಮೇಲೆ ಹೊರಬರುವವರು ಹೆಚ್ಚಾಗಿ ಸಂಜೆಯ ಮೇಲೆಯೇ ಬರುತ್ತಾರೆ. ಕೋರ್ಟಿನ ಬಿಡುಗಡೆ ಆದೇಶ ಜೈಲಿಗೆ ಮುಟ್ಟಬೇಕು, ಹೆಸರು, ತಂದೆಯ ಹೆಸರು, ಕ್ರೈಂ ನಂಬರು ತಾಳೆಯಾಗಬೇಕು, ಬೇರೆ ಕೇಸಿನಲ್ಲಿ ಹಾಜರುಪಡಿಸಲು ಹೇಳುವ ಬಾಡಿ ವಾರಂಟ್ ಇಲ್ಲವೆಂದು ಖಾತ್ರಿಯಾಗಬೇಕು. ಅಷ್ಟೆಲ್ಲ ಮುಗಿಯುವ ಹೊತ್ತಿಗೆ ಎಚ್‌.ಡಿ. ಕೋಟೆಯ ಒಳಹಳ್ಳಿಗಳಿಗೋ ಹನೂರಿನ ಕಡೆಗೋ ಹೋಗುವ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಜೊತೆ ಬಟ್ಟೆ ಮತ್ತು ಕೋರ್ಟಿನ ಕಾಗದ. ಗ್ರಾಮಾಂತರ ಬಸ್ ನಿಲ್ದಾಣ ನಡೆದೇ ಹೋಗುವಷ್ಟು ದೂರ. ಹೋಗಲು ಮನೆಯಿಲ್ಲದವರು ಆ ರಾತ್ರಿ ಮಲಗುವುದು ಅಲ್ಲೇ. ಗಸ್ತಿನವರು ಬಂದು ಎಬ್ಬಿಸುತ್ತಾರೆ. ಮತ್ತೆರಡು ದಿನ ಅಲ್ಲೇ ಕಂಡರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಿಬಿಡುವ ಸಂಭವವೂ ಇದೆ.

ಬಿಡುಗಡೆಯಾದವರಿಗೆ ಸೂರು ಹುಡುಕುವ ಕೆಲಸದಲ್ಲಿ ತೊಡಗಿರುವ ಕಾನೂನು ಸ್ವಯಂಸೇವಕರು ಮತ್ತು ಸಮಾಜ ಕಾರ್ಯಕರ್ತರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಬೇಡಿಕೆ ಒಂದೇ. ಒಬ್ಬ ವ್ಯಕ್ತಿ ಜೈಲಿನಿಂದ ಹೊರಗೆ ಕಾಲಿಡುವ ಮೊದಲೇ, ಆತ ಕನಿಷ್ಠ ಮೂರು ತಿಂಗಳು ಇರಬಹುದಾದ ಒಂದು ಜಾಗ ಮತ್ತು ಆ ಜಾಗದ ವಿಳಾಸ ಕಾಗದದ ಮೇಲೆ ನಿಗದಿಯಾಗಿರಬೇಕು. ಇದು ದಯೆ ದಾಕ್ಷಿಣ್ಯದ ಮಾತಲ್ಲ, ಕೇಸು ನಡೆಯುವುದಕ್ಕೇ ಬೇಕಾದ ವ್ಯವಸ್ಥೆ.

ಯಾಕೆಂದರೆ ವಿಚಾರಣಾಧೀನ ಬಂದಿಗಳಲ್ಲಿ ಹಲವರು ಮತ್ತೆ ಒಳಗೆ ಹೋಗುವುದು ಹೊಸ ಅಪರಾಧ ಮಾಡಿ ಅಲ್ಲ, ಹಳೆಯ ಕೇಸಿನ ವಾಯಿದೆ ತಪ್ಪಿಸಿ. ಜಾಮೀನು ಬಾಂಡಿನಲ್ಲಿ ಊರಿನ ಮನೆಯ ವಿಳಾಸ ಇರುತ್ತದೆ. ಆ ಊರಿಗೆ ಆತ ಹೋಗುವಂತಿಲ್ಲ: ದೂರು ಕೊಟ್ಟವರ ಮನೆ ಅದೇ ಬೀದಿಯಲ್ಲಿದೆ, ಅಥವಾ ತಾಲ್ಲೂಕಿಗೇ ಕಾಲಿಡಬಾರದೆಂದು ಕೋರ್ಟೇ ಷರತ್ತು ಹಾಕಿದೆ, ಅಥವಾ ಅಣ್ಣತಮ್ಮಂದಿರು ಬಾಗಿಲು ಹಾಕಿಕೊಂಡಿದ್ದಾರೆ. ಸಮನ್ಸ್ ಮಾತ್ರ ಅದೇ ಮನೆಗೆ ಹೋಗುತ್ತದೆ. 'ಸದರಿ ಆಸಾಮಿ ಊರಿನಲ್ಲಿ ವಾಸವಿಲ್ಲ' ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಮುಂದಿನ ವಾಯಿದೆಗೆ ಜಾಮೀನುರಹಿತ ವಾರಂಟ್. ಪಹಣಿ ಇಟ್ಟು ಶ್ಯೂರಿಟಿ ನಿಂತವರಿಗೆ ನೋಟಿಸ್. ಮೇಲಾಗಿ, ಜಾಮೀನಿನ ಮೇಲಿದ್ದು ಹಾಜರಾಗದಿರುವುದೇ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಬೇರೊಂದು ಅಪರಾಧ, ಒಂದು ವರ್ಷದವರೆಗೆ ಸಜೆ. ವಾಯಿದೆಯ ದಿನ ಆತ ಕೂರ್ಗಳ್ಳಿಯ ಯಾವುದೋ ಕಟ್ಟಡದ ಶೆಡ್ಡಿನಲ್ಲಿ ಸಿಮೆಂಟು ಕಲಸುತ್ತಿರುತ್ತಾನೆ, ದಿನಾಂಕವೇ ಅವನಿಗೆ ತಿಳಿದಿರುವುದಿಲ್ಲ.

ಹಾಗಾಗಿ ಜಾಗ ಬದಲಾದ ಕೂಡಲೇ ಮೊದಲು ತಿಳಿಸಬೇಕಾದ್ದು ಶ್ಯೂರಿಟಿ ನಿಂತವರಿಗೆ, ಆಮೇಲೆ ವಕೀಲರಿಗೆ. ವಕೀಲರು ಹೊಸ ವಿಳಾಸದ ಮೆಮೊ ಹಾಕಿದರೆ ಸಾಕು, ಸಮನ್ಸ್ ಅಲ್ಲಿಗೇ ಬರುತ್ತದೆ. ಒಂದೇ ಒಂದು ಹಾಳೆ. ಅದನ್ನು ಹಾಕದೇ ಹೋದದ್ದಕ್ಕೆ ಜಾಮೀನು ರದ್ದಾಗುತ್ತದೆ. ಬಿಡುಗಡೆಯ ದಿನವೇ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನಲ್ಲಿ ಖಾಲಿ ಮೆಮೊ ನಮೂನೆಯೊಂದನ್ನು, ಕೇಸ್ ನಂಬರು ತುಂಬಿಸಿ, ಕೈಗೆ ಕೊಡುವ ಪದ್ಧತಿ ಮಾಡಿದರೆ ಇದು ತಪ್ಪುತ್ತದೆ.

ಸಜಾ ಬಂದಿಗಳ ಸ್ಥಿತಿ ಬೇರೆ. ಅವರ ಬಿಡುಗಡೆಯ ದಿನಾಂಕ ಮೊದಲೇ ಅಂದಾಜಿರುತ್ತದೆ, ತಯಾರಿಗೆ ಸಮಯವಿರುತ್ತದೆ. 2023ರಲ್ಲಿ ಕೂಲಿ ಹೆಚ್ಚಿಸಿದ ಮೇಲೆ ಕೌಶಲವಿಲ್ಲದ ಕೆಲಸಕ್ಕೂ ದಿನಕ್ಕೆ 524 ರೂಪಾಯಿ ಎಂದಾಯಿತು. ಹಲವು ವರ್ಷ ದುಡಿದವರಿಗೆ ಬಾಡಿಗೆ ಮನೆಯ ಅಡ್ವಾನ್ಸ್ ಕೊಡುವಷ್ಟು ಉಳಿಕೆ ಇರಬಹುದು. ಆದರೆ ಹತ್ತು ಹದಿನಾಲ್ಕು ವರ್ಷ ಒಳಗಿದ್ದವರಿಗೆ ಊರಿನಲ್ಲಿ ತಂದೆತಾಯಿ ಉಳಿದಿರುವುದಿಲ್ಲ, ಪಾಲಿನ ಮನೆ ಬೇರೆಯವರ ಹೆಸರಿಗೆ ಆಗಿರುತ್ತದೆ. ವಿಚಾರಣಾಧೀನರಿಗೆ ಸಾಮಾನ್ಯವಾಗಿ ಕೂಲಿಯೂ ಇಲ್ಲ, ದಿನಾಂಕವೂ ಗೊತ್ತಿಲ್ಲ. 2023ರ ಬಡ ಕೈದಿಗಳ ನೆರವು ಯೋಜನೆ ರೂಪುಗೊಂಡಾಗ ಜಾಮೀನಿಗೆ 40,000 ರೂಪಾಯಿ, ದಂಡ ಕಟ್ಟಲು 25,000 ರೂಪಾಯಿವರೆಗೆ ಕೊಡಬಹುದೆಂದು ಹೇಳಿತು. ಒಳ್ಳೆಯ ಯೋಜನೆಯೇ. ಆ ಹಣ ಗೇಟಿನವರೆಗೆ ತಂದು ಬಿಡುತ್ತದೆ. ಗೇಟಿನ ಆಚೆಗೆ ಏನೆಂದು ಅದರಲ್ಲಿ ಇಲ್ಲ.

ಇನ್ನು ದಾಖಲೆಗಳ ವಿಷಯ. ಇಲ್ಲಿ ಕ್ರಮ ತಪ್ಪಿದರೆ ವಾರಗಟ್ಟಲೆ ಅಲೆದಾಟ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಬಂಧನದ ದಿನ ಪರ್ಸು, ಮೊಬೈಲು, ಆಧಾರ್ ಕಾರ್ಡು ಪೊಲೀಸರ ವಶಕ್ಕೆ ಹೋಗಿರುತ್ತವೆ. ಠಾಣೆಯಲ್ಲಿ ಅವಕ್ಕೊಂದು ಪಿ.ಎಫ್. (ಪ್ರಾಪರ್ಟಿ ಫಾರಂ) ನಂಬರು ಇರುತ್ತದೆ. ಕೇಸಿಗೆ ಸಂಬಂಧಿಸದ ವಸ್ತುವಾದರೂ ಕೇಳಿದ ಕೂಡಲೇ ಠಾಣೆಯವರು ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮಿನಡಿ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಅರ್ಜಿಯಲ್ಲಿ ಪಿ.ಎಫ್. ನಂಬರು ಬರೆಯದಿದ್ದರೆ ಠಾಣೆಯಿಂದ ವರದಿ ತರಿಸುವುದರಲ್ಲೇ ಎರಡು ವಾಯಿದೆ ಕಳೆಯುತ್ತದೆ. ಜಾಮೀನು ಅರ್ಜಿಯ ಜೊತೆಯಲ್ಲೇ ಇದನ್ನೂ ಹಾಕುವುದು ಮೇಲು.

ಅಷ್ಟರಲ್ಲಿ ಹಳೆಯ ಮೊಬೈಲ್ ನಂಬರು ಸತ್ತಿರುತ್ತದೆ. ಮೂರು ತಿಂಗಳು ಬಳಸದ ಸಿಮ್ ರದ್ದಾಗಿ, ಆ ನಂಬರು ಬೇರೆಯವರಿಗೂ ಹೋಗಿರಬಹುದು. ಆಧಾರಿಗೆ ಜೋಡಣೆಯಾಗಿರುವುದು ಅದೇ ನಂಬರು, ಒಟಿಪಿ ಬರುವುದು ಅದೇ ನಂಬರಿಗೆ. ಆದ್ದರಿಂದ ಆನ್‌ಲೈನಿನಲ್ಲಿ ವಿಳಾಸ ಬದಲಿಸಲು ಹೊರಟವರು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಾರೆ. ಸರಿಯಾದ ದಾರಿ ಇದು: ಮೊದಲು ಬೆರಳಚ್ಚು ಕೊಟ್ಟು ಹೊಸ ಸಿಮ್ ತೆಗೆದುಕೊಳ್ಳಬೇಕು, ಅದಕ್ಕೆ ಒಟಿಪಿ ಬೇಡ, ಆಧಾರ್ ಸಂಖ್ಯೆ ಸಾಕು. ನಂತರ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಹೊಸ ನಂಬರು ಜೋಡಿಸಬೇಕು, ಅದಕ್ಕೆ ಯಾವ ದಾಖಲೆಯೂ ಬೇಡ, ಬೆರಳಚ್ಚೇ ಸಾಕು. ಆಮೇಲಷ್ಟೇ ವಿಳಾಸ. ವಿಳಾಸಕ್ಕೆ ಬಾಡಿಗೆ ಕರಾರು ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿ, ತಹಶೀಲ್ದಾರರು, ಶಾಸಕರು ಅಥವಾ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲೇ ಸಹಿ, ಮೊಹರು ಹಾಕಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಲೆಟರ್‌ಹೆಡ್ಡಿನಲ್ಲಿ ಬರೆದದ್ದು ತಿರಸ್ಕೃತವಾಗುತ್ತದೆ. ಫೋಟೊದ ಮೇಲೆ ಅಡ್ಡ ಸಹಿ ಇಲ್ಲದಿದ್ದರೂ ಅಷ್ಟೆ.

ಇವೆಲ್ಲಕ್ಕಿಂತ ಸುಲಭದ ದಾರಿ ಜೈಲಿನೊಳಗೇ ಇದೆ. ಜೈಲು ಅಧಿಕಾರಿ ಸಹಿ, ಮೊಹರು ಹಾಕಿ ಕೊಡುವ ಬಂದಿಯ ಪ್ರವೇಶ ದಾಖಲೆಯನ್ನು ಆಧಾರ್ ನೋಂದಣಿಗೂ ತಿದ್ದುಪಡಿಗೂ ಪ್ರಾಧಿಕಾರ ಒಪ್ಪುತ್ತದೆ. ತಿಂಗಳಿಗೊಮ್ಮೆ ಆಧಾರ್ ಕಿಟ್ಟು ಜೈಲಿನೊಳಗೆ ಬಂದರೆ, ಹೊರಗೆ ಬರುವ ದಿನ ಕಾರ್ಡು ಚಾಲ್ತಿಯಲ್ಲಿರುತ್ತದೆ. ಎರಡು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಅದರ ಕೆವೈಸಿಯೂ ಅದೇ ದಿನ ಆಗಬಹುದು. ಪಡಿತರ ಚೀಟಿಯಲ್ಲಿ ಹೆಸರು ಉಳಿದಿದೆಯೋ ತೆಗೆದಿದ್ದಾರೋ ಎಂಬುದನ್ನೂ ಆಗಲೇ ನೋಡಿಬಿಡಬಹುದು.

ಮನೆ ಹುಡುಕುವುದಕ್ಕೆ ಬರೋಣ. ಮೇಟಗಳ್ಳಿ, ಹೆಬ್ಬಾಳ, ಕ್ಯಾತಮಾರನಹಳ್ಳಿ ಕಡೆ ಒಂದು ಕೋಣೆ, ಅಡುಗೆಗೆ ಮೂಲೆಯಲ್ಲೊಂದು ಕಟ್ಟೆ, ಹೊರಗೆ ಬಚ್ಚಲು ಇರುವ ಶೀಟಿನ ಮನೆಗೆ ಮೂರೂವರೆ ನಾಲ್ಕು ಸಾವಿರ ಬಾಡಿಗೆ, ಮೂವತ್ತು ನಲವತ್ತು ಸಾವಿರ ಅಡ್ವಾನ್ಸ್ ಕೇಳುತ್ತಾರೆ. ಬಾಡಿಗೆಯನ್ನು ಗಾರೆ ಕೆಲಸಕ್ಕೆ ಹೋಗುವವರು ದುಡಿದು ಕಟ್ಟಬಲ್ಲರು. ಅಡ್ಡ ನಿಲ್ಲುವುದು ಅಡ್ವಾನ್ಸು. ಅದನ್ನು ಹೊಂದಿಸಲು ಮೀಟರ್ ಬಡ್ಡಿಗೆ ಕೈಚಾಚಿದವರು ಆರು ತಿಂಗಳಲ್ಲಿ ಮನೆಯನ್ನೂ ಬಿಟ್ಟು, ಊರನ್ನೂ ಬಿಡುತ್ತಾರೆ.

ಹಳೆಯ ಕೇಸಿನ ವಿಷಯ ಮಾಲೀಕರಿಗೆ ಹೇಳಬೇಕೋ ಬೇಡವೋ? ಹೇಳಬೇಕು ಎಂಬುದೇ ನಮ್ಮ ಅಭಿಪ್ರಾಯ. ಮುಚ್ಚಿಟ್ಟು ಸೇರಿಕೊಂಡರೆ ಎರಡನೇ ತಿಂಗಳೋ ಮೂರನೇ ತಿಂಗಳೋ ಬೀಟ್ ಪೊಲೀಸರು ಬಂದು ಹೆಸರು ಹಿಡಿದು ಕರೆದಾಗ ಎಲ್ಲ ಬಯಲಾಗುತ್ತದೆ. ಆಗ ಮಾಲೀಕರ ಸಿಟ್ಟು ಕೇಸಿನ ಮೇಲಲ್ಲ, ಸುಳ್ಳಿನ ಮೇಲೆ. ಆದರೆ ಇಡೀ ಪ್ರಕರಣದ ವಿವರ ಹೇಳಬೇಕಾಗಿಲ್ಲ. ಕೇಸೊಂದು ನಡೆಯುತ್ತಿದೆ ಅಥವಾ ಶಿಕ್ಷೆ ಮುಗಿದಿದೆ, ಕೆಲಸ ಇಂಥ ಕಡೆ, ಮಾತಾಡಬೇಕಾದರೆ ಇಂಥವರಿಗೆ ಫೋನ್ ಮಾಡಿ, ಇಷ್ಟು ಸಾಕು. ಈ ಮಾತನ್ನು ಬಾಡಿಗೆಗೆ ಬರುವವನಿಗಿಂತ ಮೊದಲು ಮಧ್ಯಸ್ಥರೊಬ್ಬರು ಹೋಗಿ ಹೇಳಿದರೆ ಕೆಲಸ ಆಗುತ್ತದೆ. ಎಂಟು ಹತ್ತು ಸಂಸಾರ ಒಂದೇ ನಲ್ಲಿ, ಒಂದೇ ಶೌಚಾಲಯ ಹಂಚಿಕೊಳ್ಳುವ ವಠಾರವನ್ನು ಮೊದಲ ವರ್ಷ ತಪ್ಪಿಸುವುದು ಒಳ್ಳೆಯದು. ನೀರಿನ ಜಗಳಕ್ಕೆ ಶುರುವಾದದ್ದು 'ಜೈಲಿಂದ ಬಂದೋನು' ಎಂಬಲ್ಲಿಗೆ ಮುಟ್ಟಿ ನಿಲ್ಲುತ್ತದೆ.

ಕರಾರನ್ನು ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಮಾಡಿಸುವುದು ರೂಢಿ. ಅದರಲ್ಲಿ ಅಡ್ವಾನ್ಸ್ ಮೊತ್ತ, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳ ಮೊದಲು ತಿಳಿಸಬೇಕು, ಈ ಮೂರನ್ನು ಬರೆಸಲೇಬೇಕು. ಬಾಡಿಗೆಯನ್ನು ಫೋನ್‌ಪೇಯಲ್ಲೋ ಬ್ಯಾಂಕಿಗೋ ಕಳಿಸಿ. ನಾಳೆ ಕೋರ್ಟಿನಲ್ಲಿ 'ಈತ ಸ್ಥಿರವಾಗಿ ಒಂದು ಕಡೆ ವಾಸವಿದ್ದಾನೆ' ಎಂದು ತೋರಿಸಲು ಆ ಹನ್ನೊಂದು ಸಾಲಿನ ಸ್ಟೇಟ್‌ಮೆಂಟಿಗಿಂತ ಗಟ್ಟಿ ಪುರಾವೆ ಬೇರೆ ಇಲ್ಲ.

ಕೆಲಸದ ಜೊತೆಗೇ ಸಿಗುವ ಜಾಗದ ಬಗ್ಗೆ ಎಚ್ಚರ ಹೇಳಬೇಕು. ಮಂಡ್ಯ, ಪಾಂಡವಪುರದ ಕಡೆಯ ಆಲೆಮನೆಗಳು, ಇಟ್ಟಿಗೆ ಗೂಡುಗಳು, ಕೋಳಿ ಫಾರಂಗಳು, ಹೋಟೆಲಿನ ಅಟ್ಟ, ಕಟ್ಟಡದ ಶೆಡ್ಡು. ಯಾರೂ ಕೇಸಿನ ವಿಚಾರ ಕೇಳುವುದಿಲ್ಲ, ಅಡ್ವಾನ್ಸಿನ ತಾಪತ್ರಯವೂ ಇಲ್ಲ. ಮೊದಲ ತಿಂಗಳಿಗೆ ಅದು ಆಸರೆಯೇ ಸರಿ. ಆದರೆ ವಾಯಿದೆಗೆಂದು ರಜೆ ಕೇಳಿದರೆ ಮುನಿಸು. ಕಬ್ಬು ಮುಗಿದರೆ, ಮಾಲೀಕನೊಂದಿಗೆ ಮಾತು ಬೆಳೆದರೆ, ಕೆಲಸವೂ ಸೂರೂ ಒಂದೇ ದಿನ ಹೋಗುತ್ತವೆ. ಮುಂಗಡ ಪಡೆದಿದ್ದರೆ ಬಿಟ್ಟು ಬರಲೂ ಆಗದು. ವಿಳಾಸದ ಪುರಾವೆಯನ್ನಂತೂ ಯಾರೂ ಬರೆದುಕೊಡುವುದಿಲ್ಲ.

ಪೊಲೀಸ್ ಇಲಾಖೆಗೆ ಒಂದು ಮಾತು. ಎಂಒಬಿ ಕಾರ್ಡು (ಅಪರಾಧ ಮಾಡುವ ರೀತಿಯ ಪೊಲೀಸ್ ದಾಖಲೆ), ರೌಡಿ ಶೀಟು ಇದ್ದವರ ಮೇಲೆ ನಿಗಾ ಇಡುವುದು ನಿಮ್ಮ ಕೆಲಸ, ಅದನ್ನು ಪ್ರಶ್ನಿಸುತ್ತಿಲ್ಲ. ಹೇಗೆ ಇಡುತ್ತೀರಿ ಎಂಬುದರ ಮೇಲೆ ಒಬ್ಬನ ಸೂರು ನಿಂತಿದೆ. ರಾತ್ರಿ ಮನೆಗೆ ಹೋಗಿ ಬಾಗಿಲು ಬಡಿಯುವ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಖರಕ್ ಸಿಂಗ್ ಪ್ರಕರಣದಲ್ಲಿ ಅಸಾಂವಿಧಾನಿಕವೆಂದು ತೆಗೆದುಹಾಕಿದೆ. ಇಷ್ಟಾದರೂ ಹತ್ತು ಗಂಟೆಯ ಮೇಲೆ ಬೈಕು ನಿಲ್ಲಿಸಿ ಬೀದಿಗೆಲ್ಲ ಕೇಳುವಂತೆ ಹೆಸರು ಕೂಗುವ ಸಿಬ್ಬಂದಿ ಇದ್ದಾರೆ. ಮರುದಿನ ಬೆಳಿಗ್ಗೆ ಮಾಲೀಕರು 'ತಿಂಗಳ ಕೊನೆಗೆ ಖಾಲಿ ಮಾಡಪ್ಪ' ಎನ್ನುತ್ತಾರೆ. ಖಾಲಿ ಮಾಡಿದವನನ್ನು ಹುಡುಕುವ ಕೆಲಸ ಮತ್ತೆ ಅದೇ ಬೀಟಿಗೆ ಬೀಳುತ್ತದೆ. ಠಾಣೆಗೆ ಬಂದು ಸಹಿ ಹಾಕುವ ಷರತ್ತಿದ್ದರೆ ಆ ಹೊತ್ತಿನಲ್ಲೇ ವಿಚಾರಿಸಿಕೊಳ್ಳಿ. ಮನೆಗೇ ಹೋಗಬೇಕಾದರೆ ಹಗಲು ಹೊತ್ತು ಹೋಗಿ. 2025ರಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮದಲ್ಲಿ ಎಲ್ಲ ಮನೆಗಳಿಗೂ ಹೋಗುತ್ತೀರಿ. ಅದೇ ಸುತ್ತಿನಲ್ಲಿ ಈ ಮನೆಯೂ ಒಂದಾಗಲಿ.

ಪಾಲಿಕೆಯ ಆಯುಕ್ತರೇ, ನಗರದ ನಿರಾಶ್ರಿತರ ತಂಗುದಾಣಗಳಿಗೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಕೊಟ್ಟ ಅಳತೆ ಸ್ಪಷ್ಟವಿದೆ: ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ತಂಗುದಾಣ, ತಲೆಗೆ ಐದು ಚದರ ಮೀಟರ್ ಜಾಗ, ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು. 2011ರ ಜನಗಣತಿಯ ಪ್ರಕಾರವೇ ಮೈಸೂರಿನದು ಸುಮಾರು ಒಂಬತ್ತು ಲಕ್ಷ. ಲೆಕ್ಕ ನೀವೇ ಹಾಕಿ, ಇರುವುದೆಷ್ಟೆಂದು ವಾರ್ಡುವಾರು ಪ್ರಕಟಿಸಿ. ಬೆಳಿಗ್ಗೆ ಎಬ್ಬಿಸಿ ಹೊರಗೆ ಕಳಿಸುವ, ಆಧಾರ್ ಇಲ್ಲದಿದ್ದರೆ ಒಳಗೆ ಬಿಡದ ತಂಗುದಾಣ ಈ ಜನಕ್ಕೆ ಪ್ರಯೋಜನವಿಲ್ಲ. ರಾತ್ರಿ ಪಾಳಿಯ ಕೆಲಸ ಸಿಕ್ಕವನು ಹಗಲು ಮಲಗುವುದೆಲ್ಲಿ? ಒಬ್ಬೊಬ್ಬರಿಗೂ ಬೀಗ ಹಾಕುವ ಪೆಟ್ಟಿಗೆ ಬೇಕು. ಕೇಸಿನ ಕಾಗದ ಕಳೆದರೆ ಮತ್ತೆ ನಕಲು ತೆಗೆಸಲು ಹಣ, ಸಮಯ ಎರಡೂ ಬೇಕು. ಜೈಲಿನ ಬಿಡುಗಡೆ ಪತ್ರವನ್ನೇ ಪ್ರವೇಶದ ದಾಖಲೆಯಾಗಿ ಒಪ್ಪಿ, ಜೈಲಿಗೆ ಹತ್ತಿರದ ತಂಗುದಾಣದಲ್ಲಿ ದಿನಾಲೂ ನಾಲ್ಕು ಹಾಸಿಗೆ ರಾತ್ರಿ ಹತ್ತರವರೆಗೆ ಕಾದಿರಿಸಿ. ಊಟಕ್ಕೆ ಹತ್ತು ರೂಪಾಯಿಯ ಇಂದಿರಾ ಕ್ಯಾಂಟೀನ್ ಇದೆ, ಮಲಗಲು ಜಾಗ ಸಿಕ್ಕರೆ ಮೊದಲ ವಾರ ದಾಟುತ್ತದೆ.

ಹೆಣ್ಣುಮಕ್ಕಳಿಗೆ ಬಸ್ ನಿಲ್ದಾಣದ ರಾತ್ರಿಯೂ ಇಲ್ಲ. ಜೈಲಿನಿಂದ ಬಿಡುಗಡೆಯಾಗಿ ಆಸರೆಯಿಲ್ಲದ ಮಹಿಳೆಯರನ್ನು ಸ್ವಾಧಾರ ಗೃಹ ಯೋಜನೆ ಫಲಾನುಭವಿಗಳೆಂದೇ ಹೆಸರಿಸಿತ್ತು, ಈಗ ಅದು ಶಕ್ತಿ ಸದನದಲ್ಲಿ ಸೇರಿದೆ. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ತಾತ್ಕಾಲಿಕವಾಗಿ ಇರಬಹುದು, 181ಕ್ಕೆ ಕರೆ ಮಾಡಿದರೆ ದಾರಿ ಸಿಗುತ್ತದೆ. ಆ ಐದು ದಿನ ಮುಗಿಯುವುದರೊಳಗೆ ಮುಂದಿನ ಜಾಗಕ್ಕೆ ಪತ್ರ ಹೋಗಿರಬೇಕು. ಟಿಬಿ ಔಷಧ, ಮಾನಸಿಕ ಕಾಯಿಲೆಯ ಮಾತ್ರೆ ನುಂಗುತ್ತಿರುವವರನ್ನು ಕೈಯಲ್ಲಿ ಹದಿನೈದು ದಿನದ ಔಷಧ ಮತ್ತು ಮುಂದಿನ ಆಸ್ಪತ್ರೆಯ ಚೀಟಿ ಕೊಡದೆ ಬಿಡಬೇಡಿ. ಮಾತ್ರೆ ನಿಂತರೆ ಯಾವ ಸೂರೂ ನಿಲ್ಲುವುದಿಲ್ಲ.

ದೇವರಾಜ ಅರಸು ವಸತಿ ಯೋಜನೆಯಲ್ಲಿ ಅಂಗವಿಕಲರು, ಕುಷ್ಠರೋಗದಿಂದ ಗುಣವಾದವರು, ಜೀತವಿಮುಕ್ತರಂಥ ವಿಶೇಷ ವರ್ಗಗಳಿವೆ. ಶಿಕ್ಷೆ ಮುಗಿಸಿದ ನಿವೇಶನರಹಿತರನ್ನೂ ಅಲ್ಲಿ ಸೇರಿಸುವಂತೆ ಸರ್ಕಾರಕ್ಕೆ ಜಿಲ್ಲಾಡಳಿತ ಬರೆಯಲಿ. ಆದರೆ ಸ್ವಂತ ಮನೆಗೆ ವರ್ಷಗಳೇ ಹಿಡಿಯುತ್ತವೆ. ಈಗ ಬೇಕಿರುವುದು ಬಾಡಿಗೆ ಕೋಣೆ.

ಅದಕ್ಕೆ ನಮ್ಮ ಸಲಹೆ ಒಂದು ಅಡ್ವಾನ್ಸ್ ನಿಧಿ. ಹಣವನ್ನು ಬಿಡುಗಡೆಯಾದವರ ಕೈಗೆ ಕೊಡುವುದಲ್ಲ, ಮೂವರ ಸಹಿಯ ಕರಾರಿನ ಮೇಲೆ ನೇರವಾಗಿ ಮಾಲೀಕರ ಖಾತೆಗೆ. ಮನೆ ಖಾಲಿಯಾದಾಗ ಹಣ ವಾಪಸು ನಿಧಿಗೇ. ಮೂವತ್ತು ಕೋಣೆಗೆ ತಲಾ 35,000 ಎಂದರೆ ಹತ್ತೂವರೆ ಲಕ್ಷ. ಪ್ರತಿ ಮನೆಗೆ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹೋಯಿತೆಂದರೂ ಕಳೆಯುವುದು ಸುಮಾರು ಒಂದು ಲಕ್ಷ. ಕೆಲವರು ಬಾಡಿಗೆ ಬಾಕಿ ಇಟ್ಟು ಹೋಗುತ್ತಾರೆ, ಅದಕ್ಕೂ ಅಷ್ಟೇ ಇಟ್ಟುಕೊಳ್ಳಿ. ಉಳಿದದ್ದು ಮುಂದಿನವರಿಗೆ ತಿರುಗುತ್ತದೆ. ಪಾಲಿಕೆಯಲ್ಲಿ ಪರಿಶಿಷ್ಟರಿಗೆ ಮೀಸಲಾದ ಶೇ 24.10 ಮತ್ತು ಇತರ ಬಡವರಿಗೆ ಮೀಸಲಾದ ಶೇ 7.25ರ ನಿಧಿಗಳ ಕ್ರಿಯಾಯೋಜನೆ ಪ್ರತಿವರ್ಷ ತಯಾರಾಗುತ್ತದೆ. ಅರ್ಹರ ಮಟ್ಟಿಗೆ ಇದನ್ನು ಅದರಲ್ಲಿ ಸೇರಿಸಿ ಅನುಮೋದನೆಗೆ ಕಳಿಸಬಹುದು.

ಮನೆ ಮಾಲೀಕರೇ, ನಿಮ್ಮ ಹೆದರಿಕೆ ನಮಗೆ ಅರ್ಥವಾಗುತ್ತದೆ. ಕೋರ್ಟೇ ಬಿಡುಗಡೆ ಮಾಡಿದವರಿಗೆ ಮನೆ ಕೊಟ್ಟರೆ ಅದು 'ಅಪರಾಧಿಗೆ ಆಶ್ರಯ' ಆಗುವುದಿಲ್ಲ. ಆ ಕಲಮು ಇರುವುದು ಶಿಕ್ಷೆಯಿಂದ ತಪ್ಪಿಸಿ ಬಚ್ಚಿಡುವವರಿಗೆ. ಬಾಡಿಗೆದಾರರ ಮಾಹಿತಿಯನ್ನು ಠಾಣೆಗೆ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ, ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಕರಾರು, ಫೋಟೊ, ಮಧ್ಯಸ್ಥರ ನಂಬರು, ಬ್ಯಾಂಕಿಗೆ ಬಾಡಿಗೆ: ಸಾಮಾನ್ಯ ಬಾಡಿಗೆದಾರರಿಂದ ನೀವು ಕೇಳದಷ್ಟು ದಾಖಲೆ ಇವರಿಂದ ನಿಮಗೆ ಸಿಗುತ್ತದೆ. ತೊಂದರೆಯಾದರೆ ಮೊದಲು ಮಧ್ಯಸ್ಥರಿಗೆ ಹೇಳಿ. ರಾತ್ರೋರಾತ್ರಿ ಸಾಮಾನು ಹೊರಗೆ ಹಾಕಬೇಡಿ, ಕರಾರಿನಲ್ಲಿ ಬರೆದಷ್ಟು ಕಾಲಾವಕಾಶ ಕೊಡಿ.

ಸಮಿತಿಯ ಗೌರವಾನ್ವಿತ ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ ಮತ್ತು ಸದಸ್ಯರಿಗೆ ಕೊನೆಯದಾಗಿ ಇಷ್ಟು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಒಂದೇ ಮೇಜಿನ ಸುತ್ತ ಕೂರುವ ಸಭೆ ಇದು. ಅಲ್ಲಿ ಓದುವ ಪಟ್ಟಿಯಲ್ಲಿ ಬಂಧನದ ದಿನಾಂಕ, ಕಲಮು, ಕಳೆದ ಅವಧಿ ಇರುತ್ತವೆ. ಅದಕ್ಕೆ ಒಂದೇ ಒಂದು ಕಾಲಂ ಸೇರಿಸಿ: ಬಿಡುಗಡೆಯಾದರೆ ಎಲ್ಲಿ ಇರುತ್ತಾನೆ ಅಥವಾ ಇರುತ್ತಾಳೆ. ಆ ಕಾಲಂ ಖಾಲಿ ಇರುವವರ ಹತ್ತಿರ ಹದಿನೈದು ದಿನದೊಳಗೆ ಸ್ವಯಂಸೇವಕರೊಬ್ಬರು ಹೋಗಿ ಮಾತಾಡಬೇಕು. ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಬರದವರ ಮಾಹಿತಿಯನ್ನು ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಅಂಥ ಪ್ರಕರಣಗಳಲ್ಲಿ ಸ್ಥಳೀಯ ಶ್ಯೂರಿಟಿಗೇ ಪಟ್ಟು ಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಹಾಗೆ ತಿಳಿಸುವಾಗಲೇ ವಸತಿಯ ಸ್ಥಿತಿಯನ್ನೂ ಬರೆದು ಕಳಿಸಿದರೆ ಬೇರೆ ಕಡತವೇ ಬೇಡ. ಒಳಗಿರುವವರ ಮನೆಯವರು ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದೆಂಬ ಫಲಕವನ್ನು ಸಂದರ್ಶನ ಕೊಠಡಿಯ ಹೊರಗೆ, ಜನ ಸಾಲು ನಿಲ್ಲುವ ಜಾಗದಲ್ಲಿ ಹಾಕಿಸಿ.

ಕಾಲಂ ಸೇರಿಸಿದ ಪಟ್ಟಿಯ ಮಾದರಿ, ವಿಳಾಸ ಬದಲಾವಣೆಯ ಮೆಮೊ ಮತ್ತು ಮೂವರ ಕರಾರಿನ ಕರಡನ್ನು ಸಿದ್ಧಪಡಿಸಿ ಇಟ್ಟಿದ್ದೇವೆ. ಮುಂದಿನ ತ್ರೈಮಾಸಿಕ ಸಭೆಯಲ್ಲಿ ಹತ್ತು ನಿಮಿಷ ಕೊಟ್ಟರೆ ತಂದು ಒಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಬಿಡುಗಡೆಯಾದವರ ವಸತಿಗಾಗಿ ಕೆಲಸ ಮಾಡುತ್ತಿರುವ ಕಾನೂನು ಸ್ವಯಂಸೇವಕರು ಮತ್ತು ಸಮಾಜ ಕಾರ್ಯಕರ್ತರು
ಮೈಸೂರು – ಮಂಡ್ಯ